ದೊರೆ ಕೂತ ಕುರ್ಚಿ

ಮುಂಬಯಿಯ ಫೋರ್ಟ್‌ನಲ್ಲಿರುವ ಸೇಂಟ್ ಥಾಮಸ್ ಕ್ಯಾಥೆಡ್ರಲ್ 1718ರ ಕ್ರಿಸ್ಮಸ್ ದಿನ ಆರಾಧನೆಗೆ ತೆರೆಯಿತು. ಈ ಚರ್ಚಿನತ್ತ ಇದ್ದ ಕೋಟೆಯ ಬಾಗಿಲಿನ ಮೂಲಕ ಚರ್ಚ್‌ಗೇಟ್ ಸ್ಟೇಷನ್ನಿನ ಹೆಸರಿಗೂ ಇದೇ ಮೂಲ. ಕೋಟೆಯ ಗೋಡೆಗಳನ್ನು 1860ರ ದಶಕದಲ್ಲಿ ಕೆಡವಲಾಯಿತು. ಆದರೆ ಚರ್ಚಿನ ಗೋಡೆಗಳ ಮೇಲೆ ಕಂಪನಿ ಸರ್ಕಾರದವರ ಅಮೃತಶಿಲೆಯ ಸ್ಮಾರಕಗಳು ಉಳಿದವು. ಅವುಗಳನ್ನು ಓದಿದರೆ ಆ ಕಾಲದಲ್ಲಿ ಕೆಟ್ಟವರು ಯಾರೂ ಸತ್ತೇ ಇರಲಿಲ್ಲ ಎನಿಸುತ್ತದೆ.

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಪರಂಪರೆಗೆ ಸೇರಿದ ಯುವಕನೊಬ್ಬ, ಸಮೀಪದ ಆಫೀಸಿನ ಗುಮಾಸ್ತ, ಇಲ್ಲಿ ಸೋದರಮಾವನೊಡನೆ ಪಿಸುಗುಟ್ಟುವುದು ಹೀಗೆ:

"ಮಾವ, ಐದನೇ ಜಾರ್ಜ್ 1911ರಲ್ಲಿ ಕೂತ ಕುರ್ಚಿಯನ್ನು ಇನ್ನೂ ಜೋಪಾನ ಮಾಡಿದ್ದಾರೆ."

"ಮಾಡದೆ ಮತ್ತೆ? ದೊರೆ ಕೂತದ್ದು!"

"ಯೇಸುವೇ ಬಂದರೆ?"

"ಹಿಂದಿನ ಬೆಂಚು ಖಾಲಿ ಉಂಟಲ್ಲ."

"ಬಡಗಿ ಅಂತ ಗೊತ್ತಾದರೆ?"

"ಮೊದಲು ನಮ್ಮ ಮಂಚದ ಕಾಲು ಸರಿ ಮಾಡಿಸೋಣ."

"ನೆರೆಯವನನ್ನು ಪ್ರೀತಿಸು ಅಂತ ಈಗಷ್ಟೇ ಪ್ರಸಂಗ ಆಯಿತು, ಮಾವ."

"ಪ್ರೀತಿಸ್ತೇನೆ ಮಾರಾಯ. ನನ್ನ ಪಾರ್ಕಿಂಗ್ ಜಾಗ ಹಿಡಿದವನೊಬ್ಬನನ್ನು ಬಿಟ್ಟು."

ಯುವಕನ ವಿಮರ್ಶೆಗೆ ಆಯುಸ್ಸು ಕಾಣಿಕೆ ಚೀಲ ಬರುವವರೆಗೆ. ಹತ್ತರ ನೋಟನ್ನು ಎಷ್ಟು ಮಡಿಕೆ ಮಡಚಿದರೆ ಪಕ್ಕದವರಿಗೆ ನೂರರದ್ದೆಂದು ತೋರೀತು ಎಂಬ ಲೆಕ್ಕದಲ್ಲಿ ಅವನೂ ಪಳಗಿದವನು.