ಇನ್ನೆರಡು ಗ್ರಾಂ

ರಾಯಚೂರಿನಲ್ಲಿ ಗ್ರಾಂ ಲೆಕ್ಕದಲ್ಲಿ ಮಾತಾಡುವವರು ಎರಡೇ ಬಗೆ. ಒಬ್ಬರು ಬಂಗಾರದಂಗಡಿಯವರು, ಇನ್ನೊಬ್ಬ ಥರ್ಮಾಕೋಲ್ ಪೈಲಟ್. ಉಳಿದ ಊರಿಗೆ ಹತ್ತಿ ಕ್ವಿಂಟಲ್‌ನಲ್ಲಿ, ಭತ್ತ ಚೀಲದಲ್ಲಿ, ಬಿಸಿಲು ಡಿಗ್ರಿಯಲ್ಲಿ. ಹಟ್ಟಿಯ ಚಿನ್ನ ಇರುವ ಜಿಲ್ಲೆಯಲ್ಲಿ ಬಂಗಾರದವನ ಕೈಬಿಗಿತ ಅರ್ಥವಾಗುತ್ತದೆ. ಆದರೆ ಹಳೇ ಟಿವಿಯ ಡಬ್ಬಿಯಿಂದ ಬಂದ ಬಿಳಿ ಬೆಂಡಿನ ತುಂಡನ್ನು ತಕ್ಕಡಿಯ ಮೇಲಿಟ್ಟು, ಉಸಿರು ಹಿಡಿದು ನೋಡಿ, "ಇನ್ನೆರಡು ಗ್ರಾಂ ಇಳೀಬೇಕ್ರಿ" ಎಂದು ನಿಟ್ಟುಸಿರು ಬಿಡುವವನ ಸಂಕಟ ಅರ್ಥವಾಗಬೇಕಾದರೆ ಅವನ ಪಕ್ಕದ ಮನೆಯಲ್ಲಿ ವಾಸವಿರಬೇಕು. ಈ ಬರಹಗಾರ ಒಂಬತ್ತು ವರ್ಷದಿಂದ ಇದ್ದಾನೆ.

ಥರ್ಮಾಕೋಲಿನಲ್ಲಿ ಪುಟ್ಟ ವಿಮಾನ ಕಟ್ಟಿ ಹಾರಿಸುವ ಈ ಜಾತಿಯವರು ಊರಿಗೊಬ್ಬರಂತೆ ಸಿಗುತ್ತಾರೆ. ವಯಸ್ಸು ನಲವತ್ತರ ಆಚೆ, ನೌಕರಿ ಕಾಯಂ, ಮಕ್ಕಳು ಬೆಂಗಳೂರಿನಲ್ಲಿ. ಬೆರಳ ತುದಿಗಳಲ್ಲಿ ಬಿಸಿ ಗೋಂದಿನ ಸುಟ್ಟ ಗಾಯ ಎಷ್ಟಿರುತ್ತದೆಂದರೆ ರೇಷನ್ ಅಂಗಡಿಯ ಯಂತ್ರ ಹೆಬ್ಬೆರಳನ್ನು ಒಪ್ಪುವುದಿಲ್ಲ. ಯಾರ ಮನೆಗೆ ಹೊಸ ಫ್ರಿಜ್ ಬಂದರೂ ಮೊದಲು ಹಾಜರಾಗುವವನು ಇವನೇ. ಅಭಿನಂದನೆ ಹೇಳುತ್ತ ಹೇಳುತ್ತ ಕಣ್ಣು ಡಬ್ಬಿಯ ಕಡೆಗಿರುತ್ತದೆ. ಡ್ರೋನ್ ಎಂಬ ಶಬ್ದ ಕೇಳಿದರೆ ಮುಖ ಸಿಂಡರಿಸುತ್ತಾನೆ. "ಅದು ಹಾರಂಗಿಲ್ರಿ, ನಾಲ್ಕು ಪಂಕಾದ ಮ್ಯಾಲೆ ಜೋತುಬಿದ್ದಿರ್ತದ."

ದೇವದುರ್ಗದಲ್ಲಿ ಈ ಬರಹಗಾರನ ನೆಂಟರ ಮದುವೆ. ನೆರೆಯವನೆಂದು ಕರೆದುಕೊಂಡು ಹೋದದ್ದೇ ತಪ್ಪು. ಊಟದ ಪಂಕ್ತಿ ಎದ್ದ ಮೇಲೆ ಪೈಲಟ್ ಕಾಣಲಿಲ್ಲ. ಹುಡುಕಿದರೆ ವೇದಿಕೆಯ ಹಿಂದೆ ಕುರ್ಚಿ ಹಾಕಿಕೊಂಡು, ಥರ್ಮಾಕೋಲಿನ ಅಕ್ಷರಗಳನ್ನು ಬ್ಲೇಡಿನಿಂದ ಹುಷಾರಾಗಿ ಬಿಡಿಸುತ್ತಿದ್ದ. ಇನ್ನೂ ಫೋಟೊ ಮುಗಿದಿರಲಿಲ್ಲ. ಹಿಂದೆ ಬರೀ ವರನ ಹೆಸರು ಉಳಿದ ಚಿತ್ರಗಳು ಇವತ್ತಿಗೂ ಆ ಆಲ್ಬಮ್ಮಿನಲ್ಲಿವೆ. "ದಪ್ಪ ನೋಡ್ರಿ, ಒಂದೂವರೆ ಇಂಚು. ರಾಯಚೂರಾಗ ಇಂಥಾ ಮಾಲ್ ಸಿಗಂಗಿಲ್ಲ" ಎಂದ. ಹಾಗೆ ಬಂದ ಸರಕಿನಲ್ಲಿ 'ಶುಭ' ಎಡ ರೆಕ್ಕೆಯ ಒಳಗೆ ಸೇರಿತು, 'ವಿವಾಹ' ಬಲ ರೆಕ್ಕೆಗೆ.

ರೆಕ್ಕೆ ಯಾವುದರದೆಂದರೆ ಕ್ಯಾನ್‌ಬೆರಾದ್ದು. ಇಂಗ್ಲಿಷ್ ಎಲೆಕ್ಟ್ರಿಕ್ ಕಂಪನಿಯ ಈ ಜೆಟ್ ಬಾಂಬರ್ ಮೊದಲು ಹಾರಿದ್ದು 1949ರ ಮೇ 13ರಂದು. ನಮ್ಮ ವಾಯುಪಡೆಗೆ ಬಂದದ್ದು 1957ರಲ್ಲಿ, ನಿವೃತ್ತಿಯಾದದ್ದು 2007ರಲ್ಲಿ. "ಐವತ್ತು ವರ್ಷ ಸರ್ವಿಸ್ರಿ! ನಮ್ಮ ಆಫೀಸಿನಾಗ ಯಾರಾದ್ರೂ ಮಾಡ್ಯಾರೇನು?" 1961ರ ಡಿಸೆಂಬರಿನಲ್ಲಿ ಗೋವಾದ ದಾಬೋಲಿಂ ರನ್‌ವೇ ಮೇಲೆ ಬಾಂಬು ಹಾಕಿದ್ದು, ಅದೇ ವರ್ಷ ವಿಶ್ವಸಂಸ್ಥೆಯ ಪರವಾಗಿ ಕಾಂಗೋಗೆ ಹೋದದ್ದು, 1965, 1971, ಕೊನೆಗೆ ಕಾರ್ಗಿಲ್. ಸಂಜೆ ಬಂಡಿಯ ಮುಂದೆ ನಿಂತು ಒಗ್ಗರಣಿ-ಮಿರ್ಚಿ ತರಿಸಿದರೆ ಕಾಂಗೋ ಮುಗಿಯುವಷ್ಟರಲ್ಲಿ ಮಿರ್ಚಿ ಆರಿ ಮೆತ್ತಗಾಗಿರುತ್ತದೆ.

ಅಸಲಿ ವಿಮಾನದ ರೆಕ್ಕೆಯ ಅಗಲ ಹೆಚ್ಚುಕಡಿಮೆ 64 ಅಡಿ. ಹದಿನಾರರಲ್ಲಿ ಒಂದು ಪಾಲು ಮಾಡಿದರೆ ಸರಿಯಾಗಿ ನಾಲ್ಕಡಿ, ಆಟೊದಲ್ಲಿ ಅಡ್ಡಡ್ಡ ಹಿಡಿದುಕೊಂಡು ಹೋಗಬಹುದು. ಉದ್ದ 65 ಅಡಿಯ ಮೇಲೆ ಚೂರು. ಇದನ್ನು ವಿವರಿಸಲು ಪೈಲಟ್ ಕೈ ಚಾಚುವುದಿಲ್ಲ, ನೇರ ಏಕ್ ಮಿನಾರ್ ಮಸೀದಿಯ ಕಡೆ ಬೊಟ್ಟು ಮಾಡುತ್ತಾನೆ. ಬಹಮನಿಗಳ ಕಾಲದ ಆ ಒಂಟಿ ಮಿನಾರಿನ ಎತ್ತರವೂ 65 ಅಡಿ. "ಅದನ್ನ ಮಲಗಿಸಿ ಎರಡು ರೆಕ್ಕಿ ಹಚ್ರಿ, ಮುಗೀತು."

ಕಟ್ಟುವ ಕೆಲಸ ನೋಡಲು ಚಂದ. ಕೆಟ್ಟ ಹೀಟರಿನ ನಿಕ್ರೋಮ್ ತಂತಿಯನ್ನು ಬಿದಿರಿನ ಬಿಲ್ಲಿಗೆ ಕಟ್ಟಿ, ಬ್ಯಾಟರಿಯಿಂದ ಕಾಯಿಸಿ ಎಳೆದರೆ ಥರ್ಮಾಕೋಲು ಬೆಣ್ಣೆಯಂತೆ ಸೀಳುತ್ತದೆ. ಎರಡು ತುದಿಗೂ ರೆಕ್ಕೆಯ ಆಕಾರದ ರಟ್ಟು ಅಂಟಿಸಿರುತ್ತದೆ, ತಂತಿ ಅದರ ಅಂಚು ಹಿಡಿದು ಸಾಗುತ್ತದೆ. ಕ್ವಿಕ್ ಗಮ್ ತಾಗಿಸಿದರೆ ಥರ್ಮಾಕೋಲು ಕರಗಿ ಗುಳಿ ಬೀಳುತ್ತದೆ, ಸ್ಪ್ರೇ ಬಣ್ಣಕ್ಕೂ ಅದೇ ಗತಿ. ಹೀಗಾಗಿ ಬಿಳಿ ಗೋಂದು, ಒಣಗಲು ಒಂದು ರಾತ್ರಿ, ಮೇಲೆ ತೆಳು ಕಾಗದ. ಎರಡು ಎಂಜಿನ್ ಗೂಡುಗಳಲ್ಲಿ 64 ಮಿಲಿಮೀಟರಿನ ಎರಡು ಫ್ಯಾನು. ಹೊರಗೆ ಕಾಣುವ ಪಂಕ ಹಾಕಿದರೆ ಖರ್ಚು ಅರ್ಧ, ಹಾರಿಸುವುದೂ ಸುಲಭ. ಒಪ್ಪಬೇಕಲ್ಲ! ಜೆಟ್ಟಿಗೆ ಪಂಕ ಕಂಡರೆ ಕುದುರೆಗೆ ಕೋಡು ಕಂಡಂತೆ. ಆ ಫ್ಯಾನು ಶುರುವಾದರೆ ಓಣಿಗೆಲ್ಲ ಶೇಂಗಾ ಹಿಂಡಿ ಕುಟ್ಟುವ ಮಿಕ್ಸರಿನ ಸದ್ದು. ಬ್ಯಾಟರಿ ತೂತಾದರೆ ಬೆಂಕಿ ಹತ್ತುವ ಜಾತಿಯದು. ಅದನ್ನು ಮಣ್ಣಿನ ಗಡಿಗೆಯೊಳಗಿಟ್ಟೇ ಚಾರ್ಜ್ ಮಾಡುತ್ತಾನೆ. ಗಡಿಗೆ ಮೊಸರಿನದು. ಈ ವಿಷಯವಾಗಿ ಅವನ ಮನೆಯಲ್ಲಿ ನಡೆದ ಮಾತುಕತೆ ಗೋಡೆಯಾಚೆಗೂ ಸ್ಪಷ್ಟವಾಗಿ ಕೇಳಿಸಿತು.

ಅವನು ಆರಿಸಿದ್ದು ವಾಯುಪಡೆ ಬಳಸಿದ ಬಿ(ಐ) 58 ಎಂಬ ನಮೂನೆ. ಅದರಲ್ಲಿ ಪೈಲಟ್ ಕೂರುವ ಗಾಜಿನ ಗುಮ್ಮಟ ನಡುವೆ ಇರುವುದಿಲ್ಲ, ಎಡಕ್ಕೆ ಸರಿದಿರುತ್ತದೆ. ತಂಪುಪಾನೀಯದ ಬಾಟಲಿ ಕಾಯಿಸಿ, ಬಗ್ಗಿಸಿ, ವಾರಗಟ್ಟಲೆ ತಿದ್ದಿ ಅದನ್ನು ಅದರ ಜಾಗದಲ್ಲೇ ಅಂಟಿಸಿದ. ಬಂದವರೆಲ್ಲ ಸುತ್ತು ಹಾಕಿ ನೋಡಿ ಕೊನೆಗೆ ಅನುಕಂಪದಿಂದ ಹೇಳುತ್ತಿದ್ದ ಮಾತು ಒಂದೇ: "ಎಲ್ಲಾ ಛಲೋ ಆಗ್ಯದ. ಗ್ಲಾಸು ಅಷ್ಟ ಸೊಟ್ಟ ಆಗ್ಯದ ನೋಡ್ರಿ." ಪ್ರತಿಯೊಬ್ಬರಿಗೂ ಅವನು ಅಸಲಿಯ ಫೋಟೊ ತೋರಿಸಿದ. ಅವರು ಫೋಟೊ ನೋಡಿ, "ಅವರೂ ಸೊಟ್ಟನ ಮಾಡ್ಯಾರಲ್ಲ!" ಎಂದರು. ಸೊಟ್ಟಕ್ಕೆ ಇನ್ನೊಂದು ತೊಂದರೆ ಇತ್ತು. ಗುಮ್ಮಟ ಎಡಕ್ಕಿದ್ದರೆ ತೂಕವೂ ಎಡಕ್ಕೆ. ಬಲ ರೆಕ್ಕೆಯ ತುದಿಗೆ ಇನ್ನೆರಡು ಗ್ರಾಂ.

ಈ ವಿಮಾನ ವಿನ್ಯಾಸ ಮಾಡಿದವರು ಟೆಡ್ಡಿ ಪೆಟ್ಟರ್. ಎಚ್‌ಎಎಲ್ ಬೆಂಗಳೂರಿನಲ್ಲಿ ತಯಾರಿಸಿದ ಪುಟ್ಟ ಯುದ್ಧವಿಮಾನ ನ್ಯಾಟ್ ಕೂಡ ಅವರದೇ ಕಲ್ಪನೆ. ಅಷ್ಟೆಲ್ಲ ಮಾಡಿದ ಪೆಟ್ಟರ್ ಒಂದು ದಿನ ವಿಮಾನದ ಸಹವಾಸವನ್ನೇ ಬಿಟ್ಟು ಸ್ವಿಟ್ಜರ್ಲೆಂಡಿನ ಒಂದು ಧಾರ್ಮಿಕ ಸಮುದಾಯ ಸೇರಿಬಿಟ್ಟರು. ಪೈಲಟ್ ಇದನ್ನು ಕಣ್ಣರಳಿಸಿ ಹೇಳಿದ. ಚಹಾ ತಂದ ಅವನ ಹೆಂಡತಿ ಲೋಟ ಇಡುತ್ತ, "ಅದು ಎಷ್ಟನೇ ವಿಮಾನದ ಮ್ಯಾಲೆ ಬಂತಂತ ವೈರಾಗ್ಯ?" ಎಂದು ಕೇಳಿದರು. ದಾಸರು ಹುಟ್ಟಿದ ಸೀಮೆಯ ಹೆಣ್ಣುಮಗಳು. ಪ್ರಶ್ನೆಯಲ್ಲಿ ಕುಹಕಕ್ಕಿಂತ ಆಸೆಯೇ ಹೆಚ್ಚಿತ್ತು.

ಇನ್ನು ಆ ಮೇ ತಿಂಗಳ ಶನಿವಾರ. ಇದನ್ನು ಸವಿಸ್ತಾರವಾಗಿ ಹೇಳದಿದ್ದರೆ ಈ ಬರಹಗಾರನ ಎದೆಯುರಿ ಆರುವುದಿಲ್ಲ.

ವಿಮಾನದ ತೂಕವೆಲ್ಲ ಒಂದು ಬಿಂದುವಿನಲ್ಲಿ ಕೂತಿರಬೇಕು, ರೆಕ್ಕೆಯ ಮುಂದಂಚಿನಿಂದ ಸುಮಾರು ಕಾಲು ಭಾಗ ಹಿಂದೆ. ಮೂಗು ಭಾರವಾದರೆ ಏಗುತ್ತಲಾದರೂ ಹಾರೀತು. ಬಾಲ ಭಾರವಾದರೆ ಮೂಗೆತ್ತಿ, ಗಾಳಿಯ ಹಿಡಿತ ಕಳೆದುಕೊಂಡು ದೊಪ್ಪನೆ ಬೀಳುತ್ತದೆ. ಇದನ್ನು ಪರೀಕ್ಷಿಸಲು ಎರಡು ರೆಕ್ಕೆಗಳ ಕೆಳಗೆ ಒಂದೊಂದು ತೋರುಬೆರಳು ಕೊಟ್ಟು ವಿಮಾನವನ್ನು ಎತ್ತಿ ಹಿಡಿಯಬೇಕು. ಬೆರಳು ಯಾರದು ಎಂಬ ಪ್ರಶ್ನೆ ಏಳಲೇ ಇಲ್ಲ. ಗಾಳಿಗೆ ಅಲುಗಾಡುತ್ತದೆಂದು ಫ್ಯಾನ್ ಬಂದ್, ಕಿಟಕಿ ಬಂದ್. ರಾಯಚೂರಿನ ಮೇ, ಮಧ್ಯಾಹ್ನ ಎರಡು ಗಂಟೆ, ಎರಡೂ ತೋರುಬೆರಳು ಮೇಲೆತ್ತಿ ನಿಂತ ಒಬ್ಬ ಸಭ್ಯ ಗೃಹಸ್ಥ. ಮೂಗಿನ ಮೇಲೆ ನೊಣ. ಪೈಲಟ್ ಬಗ್ಗಿ, ಒಂದು ಕಣ್ಣು ಮುಚ್ಚಿ ನೋಡುತ್ತಾನೆ, ಮೂಗಿಗೆ ನಾಣ್ಯ ಅಂಟಿಸುತ್ತಾನೆ, ಕೀಳುತ್ತಾನೆ. "ಹಳೇ ರೂಪಾಯಿ ಅದಾವೇನ್ರಿ ನಿಮ್ಮ ಕಡೆ? ಹೊಸಾವು ಹಗೂರ." ಕಿಸೆಗೆ ಅವನೇ ಕೈ ಹಾಕಿ ನಾಲ್ಕು ತೆಗೆದುಕೊಂಡ. ನಲವತ್ತನೆಯ ನಿಮಿಷಕ್ಕೆ ಈ ಬರಹಗಾರನ ಗದ್ದದಿಂದ ಒಂದು ಹನಿ ಬೆವರು ರೆಕ್ಕೆಯ ಮೇಲೆ ಬಿತ್ತು. ಪೈಲಟ್ ಹೌಹಾರಿ ಕರ್ಚೀಫು ತಂದ. ಒರೆಸಿದ್ದು ರೆಕ್ಕೆಯನ್ನು.

ಮರುದಿನ ನಸುಕಿಗೆ ಮಾನ್ವಿ ಕಡೆ ಪಯಣ. ಹಾರಾಟಕ್ಕೆ ಯರಮರಸ್ ಹತ್ತಿರ ಎಂದು ಈ ಬರಹಗಾರ ಸೂಚಿಸಿದ್ದ. ಅಲ್ಲಿ ವಿಮಾನ ನಿಲ್ದಾಣದ ಜಾಗವೇ ಇದೆ, ಥರ್ಮಲ್ ಪವರ್ ಸ್ಟೇಷನ್ನೂ ಇದೆ, ಅದಕ್ಕೇ ಬೇಡ ಎಂದ ಪೈಲಟ್. ಡ್ರೋನ್ ನಿಯಮಗಳು 2021ರಲ್ಲಿ ಬಂದಾಗಿನಿಂದ ಅವನ ಮೊಬೈಲಿನಲ್ಲಿ ವಲಯದ ನಕ್ಷೆ ಇದೆ. ಹಸಿರು ವಲಯದಲ್ಲಿ 400 ಅಡಿವರೆಗೆ ಅಡ್ಡಿಯಿಲ್ಲ. ಅವನ ಯಾವ ವಿಮಾನವೂ ಬೇವಿನ ಮರದ ಎತ್ತರ ದಾಟಿದ್ದಿಲ್ಲವಾದರೂ ಕಾನೂನಿಗೆ ತಲೆಬಾಗುವವನು. ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ ಎರಡನೇ ಬೆಳೆ ಕೊಯ್ದ ಭತ್ತದ ಗದ್ದೆ. ಒಣ ಕೂಳೆ, ದೂರದಲ್ಲಿ ಕುರಿ ಮಂದೆ, ಬಿದ್ದರೂ ಮೆತ್ತಗೆ.

ಬಿಳಿಯದೇನೋ ಕಂಡರೆ ಮಂದಿ ಎಲ್ಲಿಂದ ಹುಟ್ಟುತ್ತಾರೋ. ಟ್ರ್ಯಾಕ್ಟರ್ ನಿಂತಿತು, ಇಬ್ಬರು ಕುರಿಗಾಹಿ ಹುಡುಗರು ಬಂದರು, ಟವೆಲ್ ಹೆಗಲ ಮೇಲೆ ಹಾಕಿಕೊಂಡ ಹಿರಿಯರೊಬ್ಬರು ಬಂದರು. "ಎಣ್ಣಿ ಹೊಡಿತದೇನ್ರಿ ಇದು?" ಔಷಧಿ ಸಿಂಪಡಿಸುವ ಡ್ರೋನ್ ಈಗ ಎಲ್ಲರಿಗೂ ಗೊತ್ತು. "ಅಲ್ಲರೀ ಯಜಮಾನ್ರ, ಇದು ಬಾಂಬ್ ಹಾಕೋದು" ಎಂದ ಪೈಲಟ್ ಹೆಮ್ಮೆಯಿಂದ. ಹಿರಿಯರು ಯೋಚಿಸಿ, "ಹುಳಕ್ಕ?" ಎಂದರು.

ಈ ವಿಮಾನಕ್ಕೆ ಚಕ್ರವಿಲ್ಲ. ಚಕ್ರ ಹಾಕಿದ್ದರೆ ತೂಕ. ಆದ್ದರಿಂದ ಯಾರೋ ಕೈಯಲ್ಲಿ ಹಿಡಿದು ಓಡಿ ದಬ್ಬಬೇಕು. ಆ ಯಾರೋ ಯಾರೆಂದು ಓದುಗರು ಊಹಿಸಿರಬಹುದು. ಫ್ಯಾನು ಕಿರುಚಿತು, ಪೈಲಟ್ ರಿಮೋಟ್ ಎದೆಗವುಚಿ "ಓಡ್ರೀ!" ಎಂದ, ಐವತ್ತಮೂರರ ಮೊಣಕಾಲು ಕೂಳೆಯ ಮೇಲೆ ಹದಿನೈದು ಹೆಜ್ಜೆ ಓಡಿದವು. ಬಿಟ್ಟ ಕೂಡಲೇ ವಿಮಾನ ಒಂದಿಷ್ಟು ಕುಸಿದು, ನೆಲ ಮುಟ್ಟುವ ಮೊದಲೇ ಸಾವರಿಸಿಕೊಂಡು ಎದ್ದಿತು. ಎದ್ದು, ಬೆಳಗಿನ ಓರೆ ಬಿಸಿಲಿನಲ್ಲಿ ಅಗಲ ರೆಕ್ಕೆ ಹೊಳೆಯಿಸುತ್ತ ಎಡಕ್ಕೆ ತಿರುಗಿತು. ಸೊಟ್ಟ ಗುಮ್ಮಟ ಆ ಬೆಳಕಿನಲ್ಲಿ ಎಷ್ಟು ಸರಿಯಾಗಿತ್ತೆಂದರೆ, ಅಲ್ಲಿದ್ದ ಒಬ್ಬರೂ ಮಾತಾಡಲಿಲ್ಲ. ಆಮೇಲೆ ಒಂದು ಫ್ಯಾನಿನ ಸದ್ದು ನಿಂತಿತು.

ಒಟ್ಟು ಹನ್ನೊಂದು ಸೆಕೆಂಡು. 'ಶುಭ' ಬದುವಿನ ಈಚೆ ಬಿತ್ತು, 'ವಿವಾಹ' ಆಚೆ.

"ಮೂಗೆತ್ತಿ ಒಗದ್ರಿ ನೀವು" ಎಂದ ಪೈಲಟ್. ಅಷ್ಟೇ ಅಂದದ್ದು. ಬಳಿಕ ಕಾರ್ಗಿಲ್ ನೆನಪಿಸಿಕೊಂಡ. 1999ರ ಮೇನಲ್ಲಿ ಫೋಟೊ ತೆಗೆಯಲು ಹೋಗಿದ್ದ ಕ್ಯಾನ್‌ಬೆರಾ ಒಂದರ ಎಂಜಿನ್ನಿಗೆ ಕ್ಷಿಪಣಿ ಬಡಿದರೂ ಉಳಿದ ಒಂದೇ ಎಂಜಿನ್ನಿನಲ್ಲಿ ಅದನ್ನು ಇಳಿಸಿದ್ದರು. "ಅವರಿಗೆ ಎತ್ತರ ಇತ್ತು, ನಮಗ ಇರಲಿಲ್ಲ." ಕುರಿಗಾಹಿ ಹುಡುಗನಿಗೆ ಬಾಲದ ತುಂಡು ಕೊಟ್ಟ. ನಾಣ್ಯಗಳ ಸುದ್ದಿ ಎತ್ತಲಿಲ್ಲ. ಈ ಬರಹಗಾರನ ದುಡ್ಡಿನಲ್ಲಿ ಮೇಲೇರಿದ್ದು ಆ ನಾಲ್ಕು ರೂಪಾಯಿ ಮಾತ್ರ, ಅದೂ ಹನ್ನೊಂದು ಸೆಕೆಂಡು.

ವಾಪಸು ಬರುವಾಗ ಗಮನಕ್ಕೆ ಬಂದದ್ದು ಬೇರೆ. ಮನುಷ್ಯ ಅಳುಮುಖ ಮಾಡಿಕೊಂಡಿರಲಿಲ್ಲ. ತೊಡೆಯ ಮೇಲೆ ಮುರಿದ ಮೂಗಿಟ್ಟುಕೊಂಡು, ಬಸ್ ಟಿಕೆಟಿನ ಹಿಂದೆ ಪೆನ್ಸಿಲಿನಿಂದ ಗೀಚುತ್ತ, ನಾಲ್ಕು ತಿಂಗಳಲ್ಲಿ ಎಂದೂ ಕಾಣದಷ್ಟು ಹಗುರಾಗಿದ್ದ. ಅದು ಹಾರಿ, ತಿರುಗಿ, ಇಳಿದಿದ್ದರೆ ಸೋಮವಾರ ಆಫೀಸಿನಿಂದ ಬಂದ ಮೇಲೆ ಅವನೇನು ಮಾಡುತ್ತಿದ್ದ? ಬಯ್ಯಲೆಂದು ಸಜ್ಜು ಮಾಡಿಕೊಂಡಿದ್ದ ನಾಲ್ಕಾರು ಮಾತು ಈ ಬರಹಗಾರನ ಗಂಟಲಲ್ಲೇ ಉಳಿದವು. ಈ ಬರಹಗಾರನ ಕಪಾಟಿನಲ್ಲೂ ಒಂದು ಕಾದಂಬರಿಯ ಮೂರನೇ ಅಧ್ಯಾಯ ಹದಿನಾಲ್ಕು ವರ್ಷದಿಂದ ಇದೆ. ಅದು ಬಿದ್ದಿಲ್ಲ, ಯಾರೂ ಎತ್ತಿ ಎಸೆದಿಲ್ಲವಾದ್ದರಿಂದ.

ಮೊನ್ನೆ ಇಬ್ಬರೂ ಕೋಟೆಯ ಕಡೆ ಹೋಗಿದ್ದರು. 1294ರ ಶಾಸನದ ಆ ಒಂದೇ ಕಲ್ಲು, 41 ಅಡಿಗೂ ಮಿಕ್ಕಿದ್ದು, ಗೋಡೆಯಲ್ಲಿ ಮಲಗಿದೆ. ಅದರ ಪಕ್ಕ, ಆ ಕಲ್ಲನ್ನು ಬಂಡಿಯ ಮೇಲೇರಿಸಿ ಎಳೆತಂದದ್ದನ್ನೇ ಚಿತ್ರವಾಗಿ ಕೆತ್ತಿದ್ದಾರೆ. ಹೂಡಿದ ದನಗಳ ಉದ್ದನೆಯ ಸಾಲು, ಹುರಿದುಂಬಿಸುವ ಆಳುಗಳು, ಹಿಂದಿನಿಂದ ಚಕ್ರಕ್ಕೆ ಸನ್ನೆಗೋಲು ಕೊಟ್ಟು ನೂಕುವವರು. ಪೈಲಟ್ ಮೈಮರೆತು ನೋಡಿದ. ಏಳುನೂರು ವರ್ಷದ ಹಿಂದೆಯೇ ತನ್ನಂಥವನೊಬ್ಬ, ಕೆಲಸ ಮುಗಿದ ಮೇಲೆ, ಹೇಗೆ ಮಾಡಿದೆವೆಂದು ಬರೆದಿಟ್ಟಿದ್ದಾನೆ. ಆದರೂ ಸ್ವಲ್ಪ ಹೊತ್ತಿಗೆ ಹುಬ್ಬು ಗಂಟಿಕ್ಕಿತು.

"ಎಲ್ಲಾ ಕೆತ್ಯಾರ್ರಿ. ತೂಕ ಎಲ್ಲದ?"

ಉತ್ತರ ಬರಲಿಲ್ಲ. ಅವನು ಕಲ್ಲಿನ ಹತ್ತಿರ ಸರಿದು, ಎಷ್ಟು ಜೋಡಿ ಹೂಡಿದ್ದಾರೆಂದು ಬೆರಳಿಟ್ಟು ಎಣಿಸತೊಡಗಿದ. ಜೋಡಿಗಿಷ್ಟು ಎಳೆತವೆಂದರೆ ಒಟ್ಟಿಗಿಷ್ಟು. ನಡುವೆ ನಿಂತು, "ಇವು ಎತ್ತೋ, ಕ್ವಾಣೋ? ಲೆಕ್ಕ ಬ್ಯಾರೆ ಆಗ್ತದ" ಎಂದು ಕೇಳಿದ. ಕೋಣ ಇರಬಹುದು ಎಂದ ಈ ಬರಹಗಾರ. ಅಷ್ಟರಲ್ಲಿ ಎಣಿಕೆ ತಪ್ಪಿತು. ಪೈಲಟ್ ಬೇಸರಿಸದೆ ಸಾಲಿನ ತುದಿಗೆ ಹೋಗಿ ಮತ್ತೆ ಒಂದರಿಂದ ಶುರುಮಾಡಿದ.