ಹೊಸ ಪುಸ್ತಕ ಬಂತು, ಬುದ್ಧೀ!

(2011. ‘ವಾರ್‌ಹ್ಯಾಮರ್ 40,000’ ಆಟದ ಮೇಜು. ನೆಕ್ರಾನ್‌ಗಳ ಲೋಹದ ಅಸ್ಥಿಪಂಜರ ಸೈನ್ಯ. ಸೈನಿಕನಿಗೆ ಯೋಚಿಸುವ ಶಕ್ತಿಯಿಲ್ಲ ಅಂತ ಈ ಸೈನ್ಯದ ಕಥೆ, ನಿಯಮಗಳ ಪುಸ್ತಕದಲ್ಲಿದೆ, ಆದರೂ ಕೇಳುತ್ತಾನೆ.)

ಸೈನಿಕ: ಬುದ್ಧೀ, ನಮ್ಮ ಕ್‌ಟಾನ್ ದೇವರುಗಳಿಗೆ ಅಡ್ಡಬೀಳೋ ಹೊತ್ತಾಯ್ತು.

ದಂಡನಾಯಕ: ಯಾವ ದೇವರೋ? ಅವರನ್ನ ಆರು ಕೋಟಿ ವರ್ಷದ ಹಿಂದೆಯೇ ನಾವು ಒಡೆದು ಚೂರು ಮಾಡಿದ್ವಲ್ಲ!

ಸೈನಿಕ: ಹೋದ ವಾರ ಕೂಡ ಅವರ ಜೀತ ಮಾಡ್ತಿದ್ವಿ...

ದಂಡನಾಯಕ: ಅದು 2002ರ ಪುಸ್ತಕ. ಈಗ ಆ ಚೂರುಗಳೇ ನಮ್ಮ ಆಳು.

ಸೈನಿಕ: ಮುಕ್ಕಾಲು ಪಾಲು ಬಿದ್ದರೆ ಮಿಕ್ಕವರು ಮಾಯ ಆಗ್ತಿದ್ವಲ್ಲ?

ದಂಡನಾಯಕ: ರದ್ದು. ಕೊನೆಯವನೂ ನಿಂತೇ ಸಾಯಬೇಕು.

ಸೈನಿಕ: ಸತ್ತು ಏಳೋದು?

ದಂಡನಾಯಕ: ಮೊದಲು ದಾಳ ನಾಲ್ಕು ಬಿದ್ರೂ ಏಳ್ತಿದ್ದೆ. ಈಗ ಐದಾದ್ರೂ ಬೀಳಬೇಕು.

ಸೈನಿಕ: ನಿಮಗೆ ಮಾತು ಯಾವಾಗ ಬಂತು?

ದಂಡನಾಯಕ: ಈ ಆವೃತ್ತಿಲಿ. ಹೆಸರು, ವಂಶ, ಕೊಬ್ಬು ಎಲ್ಲಾ ಕೊಟ್ಟಿದ್ದಾರೆ.

ಸೈನಿಕ: ನನಗೆ?

ದಂಡನಾಯಕ: ಕವಚ ತೆಳ್ಳಗಾಯ್ತು. ಬೆಲೆ 18 ಅಂಕದಿಂದ 13ಕ್ಕೆ ಇಳೀತು.

ಸೈನಿಕ: ಅಗ್ಗವಾದ್ನಾ ಬುದ್ಧೀ?

ದಂಡನಾಯಕ: ನೀನು ಅಗ್ಗ. ಅಷ್ಟೇ ಅಂಕಕ್ಕೆ ಸೈನ್ಯ ತುಂಬಿಸೋಕೆ ಇನ್ನೆರಡು ಡಬ್ಬಿ ಗೊಂಬೆ ಕೊಳ್ಳೋ ಆಟಗಾರನ್ನ ಕೇಳು!