ಸಂಕಲ್ಪಾಭಾವ ಮೀಮಾಂಸೆ

1. ಲಕ್ಷಣ

ವರ್ಷದ ಮೊದಲ ದಿನ ‘ಇನ್ನು ಮುಂದೆ’ ಎಂದು ಆರಂಭವಾಗಿ ಭವಿಷ್ಯತ್ಕಾಲದ ಕ್ರಿಯಾಪದದಲ್ಲಿ ಕೊನೆಗೊಳ್ಳುವ, ಮನೆಯವರಲ್ಲಿ ಒಬ್ಬರಾದರೂ ಕೇಳಿಸಿಕೊಂಡಿರುವ ವಾಕ್ಯವೇ ಸಂಕಲ್ಪ. ಈ ಲಕ್ಷಣದ ಒಂದೊಂದು ಪದಕ್ಕೂ ಪ್ರಯೋಜನವುಂಟು. ‘ಇನ್ನು ಮುಂದೆ’ ಎಂಬುದನ್ನು ಕೈಬಿಟ್ಟರೆ ಲಕ್ಷಣವು ಹವಾಮಾನದ ಮುನ್ಸೂಚನೆಗೂ ಹೊಂದಿಕೊಂಡು ಅತಿವ್ಯಾಪ್ತಿ, ಅಂದರೆ ಸಂಬಂಧವಿಲ್ಲದ್ದನ್ನೂ ಒಳಗೆ ಸೇರಿಸಿಕೊಳ್ಳುವ ದೋಷ, ತಗಲುತ್ತದೆ. ‘ವರ್ಷದ ಮೊದಲ ದಿನ’ ಎಂದರೆ ಜನವರಿ 1 ಎಂದಷ್ಟೇ ಹಿಡಿದರೆ ಯುಗಾದಿಯಂದು ಕೈಗೊಂಡವು ಹೊರಗುಳಿದು ಅವ್ಯಾಪ್ತಿ, ಅಂದರೆ ಒಳಗಿರಬೇಕಾದ್ದನ್ನು ಬಿಟ್ಟುಬಿಡುವ ದೋಷ, ಒದಗುತ್ತದೆ. ಇನ್ನು ‘ಪಾಲನೆಯಾಗುವ’ ಎಂಬ ವಿಶೇಷಣವನ್ನು ಸೇರಿಸಿದರಂತೂ ಲೋಕದಲ್ಲಿ ಒಂದು ಉದಾಹರಣೆಯೂ ಸಿಗದೆ ಅಸಂಭವವೆಂಬ ಮೂರನೆಯ ಹಾಗೂ ಅತಿ ಘೋರವಾದ ದೋಷಕ್ಕೆ ಗುರಿಯಾಗಬೇಕಾಗುತ್ತದೆ. ಯಾರೂ ಕೇಳಿಸಿಕೊಳ್ಳದ ಸಂಕಲ್ಪವು ಮುರಿದುದಕ್ಕೆ ಸಾಕ್ಷಿ ಇರುವುದಿಲ್ಲವಾದ್ದರಿಂದ, ಮತ್ತು ಸಾಕ್ಷಿಯಿಲ್ಲದ್ದನ್ನು ಶಾಸ್ತ್ರವು ಲೆಕ್ಕಕ್ಕೆ ಹಿಡಿಯದಾದ್ದರಿಂದ, ಕೊನೆಯ ವಿಶೇಷಣವೂ ಅನಿವಾರ್ಯ.

ಪೂಜೆಯ ಸಂಕಲ್ಪದಿಂದ ಇದನ್ನು ಬೇರ್ಪಡಿಸಿ ತಿಳಿಯಬೇಕು. ಅಲ್ಲಿ ಯಜಮಾನನು ಅಂಗೈಯಲ್ಲಿ ಅಕ್ಷತೆ ಹಿಡಿದು, ಶ್ವೇತವರಾಹ ಕಲ್ಪದಿಂದ ಹೊರಟು, ವೈವಸ್ವತ ಮನ್ವಂತರ, ಕಲಿಯುಗದ ಪ್ರಥಮ ಪಾದ, ಜಂಬೂದ್ವೀಪ, ಭರತಖಂಡಗಳ ಮೂಲಕ ಹಾದು, ಸಂವತ್ಸರ, ಅಯನ, ಋತು, ಮಾಸ, ಪಕ್ಷ, ತಿಥಿ, ವಾರ, ನಕ್ಷತ್ರಗಳನ್ನು ದಾಟಿ, ಕೊನೆಗೆ ಗೋತ್ರಸಹಿತ ತನ್ನ ಹೆಸರಿಗೆ ಬಂದು ನಿಲ್ಲುತ್ತಾನೆ. ಇಷ್ಟು ಸವಿಸ್ತಾರವಾದ ವಿಳಾಸ ಕೊಟ್ಟು ಅವನು ಒಪ್ಪಿಕೊಳ್ಳುವುದು ಅಡುಗೆಮನೆಯಲ್ಲಿ ಕೋಸಂಬರಿಗೆ ಒಗ್ಗರಣೆ ಬೀಳುವಷ್ಟರಲ್ಲಿ ಮುಗಿದುಹೋಗುವ ಒಂದು ಪೂಜೆಯನ್ನು ಮಾತ್ರ. ಹೊಸ ವರ್ಷದ ಸಂಕಲ್ಪದಲ್ಲಾದರೋ ವಿಳಾಸವೇ ಇಲ್ಲ, ಕೊಟ್ಟ ಮಾತು ಮಾತ್ರ ಹನ್ನೆರಡು ತಿಂಗಳಿನದು. ಮೊದಲನೆಯದು ನೆರವೇರುವುದಕ್ಕೂ ಎರಡನೆಯದು ನೆರವೇರದಿರುವುದಕ್ಕೂ ಈ ಪ್ರಮಾಣಭೇದವೇ ಮೂಲ ಕಾರಣವೆಂಬುದು ಈ ಪ್ರಬಂಧದ ಪ್ರತಿಪಾದನೆ.

2. ಅವಧಿ

ಹಳೆಯ ದಾನಶಾಸನಗಳಲ್ಲಿ ದತ್ತಿಯು ಆಚಂದ್ರಾರ್ಕವಾಗಿ, ಅಂದರೆ ಸೂರ್ಯಚಂದ್ರರಿರುವವರೆಗೆ, ನಡೆಯಬೇಕೆಂದು ಬರೆಸುವುದು ವಾಡಿಕೆಯಾಗಿತ್ತು. ಅಷ್ಟಕ್ಕೇ ಬಿಡದೆ, ಅದನ್ನು ಅಳಿದವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು, ಎಂದರೆ ಕಪಿಲವರ್ಣದ ಹಸುವನ್ನು, ಕೊಂದ ಪಾಪ ಬರುವುದೆಂಬ ಶಾಪಾಶಯವನ್ನೂ ಕೊನೆಯಲ್ಲಿ ಕೆತ್ತಿಸುತ್ತಿದ್ದರು. ಹೊಸ ವರ್ಷದ ಸಂಕಲ್ಪದಲ್ಲಿ ಈ ಶಾಪಭಾಗ ಲುಪ್ತವಾಗಿರುವುದರಿಂದ ಅದರ ಆಯುಷ್ಯವನ್ನು ‘ಆಸಂಕ್ರಾಂತಿ’, ಅಂದರೆ ಸಂಕ್ರಾಂತಿಯವರೆಗೆ, ಎಂದು ಗ್ರಹಿಸತಕ್ಕದ್ದು. ಜನವರಿ 14 ಅಥವಾ 15ರಂದು ಸೂರ್ಯನು ಮಕರ ರಾಶಿಯನ್ನು ಪ್ರವೇಶಿಸುವ ಹೊತ್ತಿಗೆ, ಜರಿಯ ಲಂಗ ತೊಟ್ಟ ಪಕ್ಕದ ಮನೆಯ ಹುಡುಗಿ ಎಳ್ಳು ಬೀರಲು ಈ ಮನೆಯನ್ನು ಪ್ರವೇಶಿಸುತ್ತಾಳೆ. ಅವಳ ತಟ್ಟೆಯಲ್ಲಿ ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆಬೀಜ, ಹುರಿಗಡಲೆ ಬೆರೆತ ಪೊಟ್ಟಣವೂ ಕಬ್ಬಿನ ಜಲ್ಲೆಯೂ ಗಿಳಿಯಾಕಾರದ ಸಕ್ಕರೆ ಅಚ್ಚೂ ಇರುತ್ತವೆ. ‘ಇನ್ನು ಮುಂದೆ ಸಕ್ಕರೆ ಮುಟ್ಟುವುದಿಲ್ಲ’ ಎಂದಿದ್ದ ಗೃಹಸ್ಥನು ಹಬ್ಬದ ದಿನ ಬೇಡವೆನ್ನಬಾರದೆಂಬ ಧರ್ಮಸೂಕ್ಷ್ಮವನ್ನು ಮುಂದಿಟ್ಟುಕೊಂಡು ಗಿಳಿಯ ಕೊಕ್ಕನ್ನಷ್ಟೇ ಮುರಿದು ಬಾಯಿಗೆ ಹಾಕಿಕೊಳ್ಳುತ್ತಾನೆ. ಕೊಕ್ಕಿಲ್ಲದ ಗಿಳಿ ನೋಡಲು ಚೆನ್ನಾಗಿರುವುದಿಲ್ಲವೆಂಬ ಸೌಂದರ್ಯದೃಷ್ಟಿಯಿಂದ ತಲೆಯನ್ನೂ, ಅನಂತರ ಸಂದೇಹಕ್ಕೆ ಅವಕಾಶವಿರಬಾರದೆಂದು ಬಾಲವನ್ನೂ ಮುಗಿಸುತ್ತಾನೆ.

ಪುರಾಣ ಕೇಳುವಾಗ, ಹೆರಿಗೆಯ ನೋವಿನಲ್ಲಿ, ಸುಡುಗಾಡಿನಲ್ಲಿ ಹುಟ್ಟಿ ಅಲ್ಲಿಂದ ಆಚೆ ಬಂದೊಡನೆ ಅಳಿಯುವ ಪುರಾಣ ವೈರಾಗ್ಯ, ಪ್ರಸೂತಿ ವೈರಾಗ್ಯ, ಶ್ಮಶಾನ ವೈರಾಗ್ಯಗಳೆಂಬ ಮೂರನ್ನು ಹಿಂದಿನವರು ಎಣಿಸಿದ್ದಾರೆ. ಹೊಸ ಕ್ಯಾಲೆಂಡರನ್ನು ಹಳೆಯ ಮೊಳೆಗೆ ತೂಗುಹಾಕುವಾಗ ಹುಟ್ಟುವುದನ್ನು ಕ್ಯಾಲೆಂಡರ್ ವೈರಾಗ್ಯವೆಂದು ಕರೆದು ನಾಲ್ಕನೆಯದಾಗಿ ಸೇರಿಸಬಹುದು. ಉಳಿದ ಮೂರಕ್ಕಿಂತ ಇದಕ್ಕಿರುವ ಹೆಚ್ಚುಗಾರಿಕೆಯೆಂದರೆ ಮರುಹುಟ್ಟಿನ ಸೌಲಭ್ಯ. ಏಕೆಂದರೆ ಕನ್ನಡಿಗನ ವರ್ಷಕ್ಕೆ ಬಾಗಿಲು ಒಂದೇ ಅಲ್ಲ. ಜನವರಿ 1 ಕೈತಪ್ಪಿದರೆ ಚೈತ್ರ ಶುದ್ಧ ಪಾಡ್ಯದ ಚಾಂದ್ರಮಾನ ಯುಗಾದಿಯುಂಟು, ಅದರ ಆಸುಪಾಸಿನಲ್ಲೇ ಏಪ್ರಿಲ್ 1ರ ಹಣಕಾಸು ವರ್ಷವುಂಟು, ಕರಾವಳಿಯವರಿಗೆ ಏಪ್ರಿಲ್ ನಡುವಿನ ಸೌರಮಾನ ಯುಗಾದಿಯುಂಟು, ಮಳೆಗಾಲದ ಹೊಸ್ತಿಲಲ್ಲಿ ಶಾಲೆ ತೆರೆಯುವುದುಂಟು, ಮುಂದೆ ವಿಜಯದಶಮಿ, ಬಲಿಪಾಡ್ಯಮಿಗಳುಂಟು. ವರ್ಷಕ್ಕೆ ಏಳರಂತೆ ಪ್ರಭವಾದಿ ಅರವತ್ತು ಸಂವತ್ಸರಗಳ ಒಂದು ಆವರ್ತದಲ್ಲಿ ಒಟ್ಟು 420 ಆರಂಭಗಳು ಲಭ್ಯವಾಗುತ್ತವೆ. ಈ ಸಂಖ್ಯೆಗೂ ಭಾರತೀಯ ದಂಡಸಂಹಿತೆಯ ವಂಚನೆಯ ಕಲಮಿಗೂ ನಂಟು ಕಲ್ಪಿಸಲು ಅವಕಾಶವಿತ್ತಾದರೂ, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದು ವಂಚನೆಯು 318ನೆಯ ಕಲಮಿಗೆ ಸ್ಥಳಾಂತರಗೊಂಡ ಮೇಲೆ ಆ ವಾದ ದುರ್ಬಲವಾಗಿದೆ.

3. ಹಸ್ತಪ್ರತಿ ಪರಿಶೀಲನೆ

ಹಿಂದಿನ ವರ್ಷದ ಸಂಕಲ್ಪಗಳನ್ನು ತಿಳಿಯಲು ಉಳಿದಿರುವ ಲಿಖಿತ ಆಕರವೆಂದರೆ ಯಾರೋ ಪುಕ್ಕಟೆ ಕೊಟ್ಟ ಡೈರಿ. ಮಧ್ಯಮವರ್ಗದ ಮನೆಯ ಮಾದರಿ ಪ್ರತಿಯೊಂದನ್ನು ಗ್ರಂಥಸಂಪಾದನೆಯ ಕ್ರಮದಲ್ಲಿ ನೋಡಿದರೆ ಅದರಲ್ಲಿ ಮೂರು ಕೈಬರಹಗಳು ಕಾಣುತ್ತವೆ. ಜನವರಿ 1ರ ಪುಟದಲ್ಲಿ ಶ್ರೀಕಾರದ ಕೆಳಗೆ ಸಂಕಲ್ಪಗಳನ್ನು ಕ್ರಮಸಂಖ್ಯೆ ಹಾಕಿ ಬರೆದಿರುವುದು ಮೂಲ ಕರ್ತೃವಿನ ಕೈ. ಅಕ್ಷರ ದುಂಡಗಿದೆ, ಒತ್ತಕ್ಷರಗಳು ಗೆರೆ ಮೀರಿಲ್ಲ. ತೂಕ ಇಳಿಸುವ ಸಂಕಲ್ಪದಲ್ಲಿ ಮಾತ್ರ ‘5 ಕೆ.ಜಿ.’ ಎಂಬುದನ್ನು ತಿದ್ದಿ 3 ಎಂದೂ ಬೇರೊಂದು ಶಾಯಿಯಲ್ಲಿ 2 ಎಂದೂ ಮಾಡಿರುವ ಪಾಠಾಂತರಗಳಿವೆ. ಇದೇ ಕೈ ಜನವರಿ 4ರಂದು ‘ಇವತ್ತೂ ವಾಕಿಂಗ್ ಆಯಿತು’ ಎಂದೂ, 7ರಂದು ‘ವಾಕಿಂಗ್ ಇಲ್ಲ, ಚಳಿ’ ಎಂದೂ, 9ರಂದು ಬರಿದೆ ‘ಚಳಿ’ ಎಂದೂ ಬರೆದು ಇತಿಹಾಸದಿಂದ ಕಣ್ಮರೆಯಾಗುತ್ತದೆ.

ಜನವರಿ 10ರಿಂದ ಗೃಹಿಣಿಯ ಕೈ ಆರಂಭವಾಗುತ್ತದೆ: ಹಾಲಿನ ಲೆಕ್ಕ, ಗ್ಯಾಸ್ ಬುಕ್ ಮಾಡಿದ ದಿನ, ಇಸ್ತ್ರಿಗೆ ಹೋದ ಬಟ್ಟೆ, ಇಸ್ತ್ರಿಯಿಂದ ಬಂದ ಬಟ್ಟೆ, ಇವೆರಡರ ನಡುವಿನ ವ್ಯತ್ಯಾಸ. ಏಪ್ರಿಲ್, ಮೇ ತಿಂಗಳುಗಳಲ್ಲಿ ಬಣ್ಣದ ಪೆನ್ಸಿಲಿನ ಮೂರನೆಯ ಕೈಯೊಂದು ನುಸುಳಿ, ಕೋಳಿಯೋ ಆನೆಯೋ ಎಂದು ಒಮ್ಮತಕ್ಕೆ ಬರಲಾಗದ ಪ್ರಾಣಿಗಳನ್ನು ಬಿಡಿಸಿದ್ದರೂ, ಹಾಲಿನ ಲೆಕ್ಕವು ಆ ಪ್ರಾಣಿಗಳ ಕಾಲ ಸಂದಿನಲ್ಲೇ ದಾರಿ ಮಾಡಿಕೊಂಡು ಡಿಸೆಂಬರ್ 31ರವರೆಗೆ ಒಂದು ದಿನವೂ ತಪ್ಪದೆ ಸಾಗಿದೆ. ವರ್ಷವಿಡೀ ಡೈರಿ ಬರೆಯುವುದು ಮೂಲ ಕರ್ತೃವಿನ ನಾಲ್ಕನೆಯ ಸಂಕಲ್ಪವಾಗಿತ್ತು. ಅದನ್ನು ನೆರವೇರಿಸಿದವಳು ಯಾವ ಸಂಕಲ್ಪವನ್ನೂ ಮಾಡಿರಲಿಲ್ಲ.

4. ಅಭಾವ ಚತುಷ್ಟಯ

ಇಲ್ಲದಿರುವುದನ್ನು ತಿಳಿಯುವುದು ಹೇಗೆಂಬ ಪ್ರಶ್ನೆಗೆ ಭಾಟ್ಟ ಮೀಮಾಂಸಕರು ಅನುಪಲಬ್ಧಿ, ಅಂದರೆ ಕಾಣಬೇಕಾದ್ದು ಕಾಣದಿರುವುದು, ಎಂಬ ಪ್ರಮಾಣವನ್ನೇ ಪ್ರತ್ಯೇಕವಾಗಿ ಒಪ್ಪಿದ್ದಾರೆ. ಇಲ್ಲದಿರುವಿಕೆಯ ಬಗೆಗಳಾದರೋ ನಾಲ್ಕೆಂದು 17ನೆಯ ಶತಮಾನದ ಅನ್ನಂಭಟ್ಟನ ತರ್ಕಸಂಗ್ರಹದಲ್ಲಿ ಎಳೆಯರಿಗೂ ತಿಳಿಯುವಂತೆ ಹೇಳಿದೆ. ಹಿಂದಿನ ವರ್ಷದ ಸಂಕಲ್ಪಗಳೆಲ್ಲವೂ ಒಂದೂ ಹೊರಗುಳಿಯದಂತೆ ಈ ನಾಲ್ಕರಲ್ಲಿ ಅಡಗುತ್ತವೆ.

ಮಡಕೆ ಹುಟ್ಟುವ ಮೊದಲು ಮಣ್ಣಿನಲ್ಲಿರುವ ಮಡಕೆಯ ಇಲ್ಲದಿರುವಿಕೆ ಪ್ರಾಗಭಾವ. ಇದಕ್ಕೆ ಆದಿಯಿಲ್ಲ, ಅಂತ್ಯವುಂಟು. ಸಂಜೆಯ ವಾಕಿಂಗಿಗೆಂದು ಕೊಂಡು, ಒಳಗಿನ ತೆಳು ಕಾಗದವನ್ನೂ ತೆಗೆಯದೆ ಮಂಚದ ಕೆಳಗಿಟ್ಟ ಎರಡನೆಯ ಜೊತೆ ಶೂ ಇದಕ್ಕೆ ದೃಷ್ಟಾಂತ. ಮಡಕೆ ಒಡೆದ ಮೇಲಿನದು ಪ್ರಧ್ವಂಸಾಭಾವ. ಇದಕ್ಕೆ ಆದಿಯುಂಟು, ಅಂತ್ಯವಿಲ್ಲ. ಡಿ.ವಿ.ಜಿ.ಯವರ ಮಂಕುತಿಮ್ಮನ ಕಗ್ಗವನ್ನು ಓದಿ ಮುಗಿಸುವ ಸಂಕಲ್ಪವು ಈ ಬಗೆಯದು. ಅದರಲ್ಲಿ 945 ಪದ್ಯಗಳಿರುವುದರಿಂದ ದಿನಕ್ಕೊಂದರಂತೆ ಓದಿದರೆ ಎರಡು ವರ್ಷ 215 ದಿನಗಳಲ್ಲಿ ಮುಗಿಯಬೇಕು. ಪ್ರತಿ ಜನವರಿಯಲ್ಲೂ ಮೊದಲಿನಿಂದ ಹಿಡಿದು ಒಂಬತ್ತರಲ್ಲಿ ಬಿಡುವ ಪದ್ಧತಿಯಿಂದ ಒಂಬತ್ತು ಪದ್ಯಗಳು ಕಂಠಸ್ಥವಾಗಿ, 936 ಪದ್ಯಗಳ ಹಾಳೆಗಳು ಅಚ್ಚುಮನೆಯಿಂದ ಬಂದ ಬಿಳುಪನ್ನೇ ಕಾಯ್ದುಕೊಂಡಿವೆ. ಗಾಳಿಯಲ್ಲಿ ಬಣ್ಣವಿಲ್ಲದಿರುವಂತೆ ಮೂರು ಕಾಲದಲ್ಲೂ ಇಲ್ಲದ್ದು ಅತ್ಯಂತಾಭಾವ. ಬೆಳಗಿನ ಐದಕ್ಕೆ ಏಳುವ ಸಂಕಲ್ಪವು ಇಲ್ಲಿ ಸೇರುತ್ತದೆ, ಅಲಾರಂ ಹೊಡೆದದ್ದು ನಿಜವಾದರೂ ಎದ್ದವರು ಅಕ್ಕಪಕ್ಕದವರು. ಮಡಕೆಯು ಬಟ್ಟೆಯಲ್ಲವೆಂಬ ಭೇದವೇ ಅನ್ಯೋನ್ಯಾಭಾವ. ಜಿಮ್ಮಿಗೆ ವರ್ಷದ ಶುಲ್ಕ ಕಟ್ಟಿದ ರಸೀದಿಯು ವ್ಯಾಯಾಮವಲ್ಲ ಎಂಬುದರಲ್ಲಿ ಇದು ಸ್ಪಷ್ಟವಾಗುತ್ತದೆ.

5. ಪೂರ್ವಪಕ್ಷ ಮತ್ತು ಸಿದ್ಧಾಂತ

ಹೀಗಿದ್ದ ಮೇಲೆ ಹೊಸ ಸಂಕಲ್ಪವೇಕೆ, ಹಳೆಯದನ್ನೇ ಮುಂದುವರಿಸಬಾರದೇಕೆ ಎಂಬುದು ಪೂರ್ವಪಕ್ಷ, ಅಂದರೆ ಖಂಡಿಸುವುದಕ್ಕಾಗಿ ಮೊದಲು ಮಂಡಿಸುವ ಎದುರಾಳಿಯ ವಾದ. ಅದು ಸಲ್ಲದು. ಪ್ರಧ್ವಂಸಕ್ಕೆ ಅಂತ್ಯವಿಲ್ಲವಾದ್ದರಿಂದ ಒಡೆದ ಮಡಕೆ ಅದೇ ಮಡಕೆಯಾಗಿ ಮರಳದು. ಅದರಂತಿರುವ ಬೇರೊಂದನ್ನು ಮಾಡಬಹುದಷ್ಟೆ. ಆ ಬೇರೊಂದನ್ನು ಮಾಡುವಾಗ ಪೂಜೆಯ ಸಂಕಲ್ಪದ ಪ್ರಮಾಣವನ್ನು ಅನುಸರಿಸಿ, ವಿಳಾಸವನ್ನು ಹಿಗ್ಗಿಸಿ ಕರ್ಮವನ್ನು ಕುಗ್ಗಿಸುವುದು ವಿಹಿತ. ‘ಇನ್ನು ಮುಂದೆ ದಿನವೂ ನಡೆಯುವೆನು’ ಎಂಬುದಕ್ಕಿಂತ, ಇಂಥ ಸಂವತ್ಸರದ ಇಂಥ ತಿಥಿಯಂದು, ಸಂಜೆ ನಲ್ಲಿಯಲ್ಲಿ ನೀರು ಬರುವುದರೊಳಗೆ, ಬೀದಿಯ ಕೊನೆಯ ಹೊಂಗೆ ಮರದವರೆಗೆ ಒಮ್ಮೆ ಹೋಗಿಬರುವೆನು ಎಂಬುದು ಶ್ರೇಯಸ್ಕರ. ಮರುದಿನಕ್ಕೆ ಮರುದಿನದ ತಿಥಿಯೇ ಬೇರೆಯಾದ್ದರಿಂದ ಸಂಕಲ್ಪವೂ ಬೇರೆ. ಸಕ್ಕರೆಯ ವಿಷಯದ ಸಂಕಲ್ಪಗಳನ್ನು ಸಂಕ್ರಾಂತಿಯ ಮರುದಿನದಿಂದ ಆರಂಭಿಸುವುದು ಕ್ಷೇಮ.

ಇನ್ನು ಉಳಿದಿರುವುದು ಮಂಚದ ಕೆಳಗಿನ ಶೂಗಳ ಪ್ರಶ್ನೆ. ಹುಟ್ಟುವ ಪ್ರತಿಯೊಂದು ಕಾರ್ಯಕ್ಕೂ ಈಶ್ವರ, ಕಾಲ, ದಿಕ್ಕು, ಅದೃಷ್ಟಗಳ ಜೊತೆಯಲ್ಲಿ ಆ ಕಾರ್ಯದ ಪ್ರಾಗಭಾವವನ್ನೂ ನೈಯಾಯಿಕರು ಸಾಧಾರಣ ಕಾರಣವೆಂದು, ಅಂದರೆ ಎಲ್ಲ ಕಾರ್ಯಗಳಿಗೂ ಸಮಾನವಾಗಿ ಬೇಕಾದ ಕಾರಣವೆಂದು, ಎಣಿಸುತ್ತಾರೆ. ಅದರಂತೆ, ಈವರೆಗೆ ನಡೆಯದಿರುವುದು ಮುಂದೆ ನಡೆಯುವುದಕ್ಕೆ ಅಡ್ಡಿಯಾಗದೆ ಅವಶ್ಯ ಸಾಮಗ್ರಿಯೇ ಆಗುತ್ತದೆ. ಗೃಹಸ್ಥನು ಈ ಸಿದ್ಧಾಂತದಿಂದ ಸಂತುಷ್ಟನಾಗಿ, ಸಾಮಗ್ರಿಗೆ ಲೋಪ ಬರಬಾರದೆಂದು ಪೆಟ್ಟಿಗೆಯ ಧೂಳು ಒರೆಸಿ ಮತ್ತೆ ಮಂಚದ ಕೆಳಗೇ ಇಟ್ಟಿದ್ದಾನೆ. ಅವನು ಪೆನ್ನು ಹುಡುಕಿಕೊಂಡು ಬರುವಷ್ಟರಲ್ಲಿ ಹೊಸ ಡೈರಿಯ ಜನವರಿ 1ರ ಪುಟದಲ್ಲಿ, ಶ್ರೀಕಾರಕ್ಕೆಂದು ಬಿಟ್ಟ ಜಾಗದಲ್ಲೇ, ‘ಹಾಲು 1 ಲೀ.’ ಎಂದು ಎರಡನೆಯ ಕೈ ಬರೆದಾಗಿತ್ತು.